ಸಿಪ್ಯಾಪ್ ಹಾಕಿಕೊಳ್ಳಲು ಆಗುತ್ತಿಲ್ಲ, ಬೇರೆ ದಾರಿ ಹಿಡಿದವರು ಯಾರಾದರೂ ಇದ್ದೀರಾ?

ಕೇಳಿದವರು: ಬ್ಯಾಡಗಿಯಿಂದ

ನಮ್ಮ ಯಜಮಾನರಿಗೆ 48 ವರ್ಷ. ಎತ್ತರ ಐದೂವರೆ ಅಡಿ, ತೂಕ 92 ಕೆ.ಜಿ. ಮೆಣಸಿನಕಾಯಿ ವ್ಯಾಪಾರ, ವಾರಕ್ಕೆ ಎರಡು ಮೂರು ಸಲ ತಾವೇ ಕಾರು ಓಡಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಬರುತ್ತಾರೆ. ನಾಲ್ಕು ತಿಂಗಳ ಹಿಂದೆ ನಿದ್ರೆಯ ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ ಎಂದರು, ಅದನ್ನು ಅಳೆಯುವ ಅಂಕಿ ಎಎಚ್‌ಐ 27 ಬಂತು. ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರ ತಂದೆವು. ಆರು ವಾರ ಹಾಕಿಕೊಂಡರು. ಮೂಗು ಒಣಗುತ್ತದೆ, ಮುಖ ಕಟ್ಟಿಹಾಕಿದ ಹಾಗಾಗುತ್ತದೆ ಅನ್ನುತ್ತಾರೆ. ನಡುರಾತ್ರಿ ತಮಗೇ ಗೊತ್ತಿಲ್ಲದೆ ಕಿತ್ತು ಹಾಕಿರುತ್ತಾರೆ. ಈಗ ಯಂತ್ರ ಕಪಾಟು ಸೇರಿದೆ. ಒಬ್ಬರು ಹಲ್ಲಿಗೆ ಕ್ಲಿಪ್ ಹಾಕಿಸಿ ಅನ್ನುತ್ತಾರೆ, ಒಬ್ಬರು ಆಪರೇಷನ್, ಒಬ್ಬರು ತೂಕ ಇಳಿಸುವ ಇಂಜೆಕ್ಷನ್. ನಮ್ಮ ಮಾವನವರು ದಿನಾ ಶಂಖ ಊದಲಿ ಅಂತಾರೆ. ರಾತ್ರಿ ಅವರ ಉಸಿರು ನಿಂತಾಗ ನಾನು ಎದ್ದು ಕೂತು, ಮತ್ತೆ ಶುರುವಾಗುವವರೆಗೆ ಎಣಿಸುತ್ತೇನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಧಾರವಾಡ, ಮಾಳಮಡ್ಡಿಯಿಂದ

ಎದ್ದು ಕೂತು ಎಣಿಸುತ್ತೇನೆ ಎಂದಿರಲ್ಲ, ಅದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಎರಡು ವರ್ಷ ಅವಳೂ ಹಾಗೇ ಎಣಿಸಿದವಳು.

2019ರಲ್ಲಿ ನನ್ನ ಎಎಚ್‌ಐ 22 ಇತ್ತು. ಗಂಟೆಗೆ 22 ಸಲ ಉಸಿರು ಹತ್ತು ಸೆಕೆಂಡಾದರೂ ನಿಲ್ಲುತ್ತಿತ್ತು, ಇಲ್ಲವೇ ತೀರಾ ಕುಗ್ಗುತ್ತಿತ್ತು. 5ರ ಒಳಗಿದ್ದರೆ ಚಿಂತೆಯಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ. ನಿಮ್ಮವರದು ಮಧ್ಯಮದ ಮೇಲಂಚು. ಕಪಾಟಿನಲ್ಲಿ ಯಂತ್ರ ಇಟ್ಟು ಸುಮ್ಮನಿರುವಂಥ ಅಂಕಿ ಅಲ್ಲ ಅದು. ಆದರೆ ಬೇರೆ ದಾರಿಗಳಿಗೂ ಬಾಗಿಲು ತೆರೆದೇ ಇರುವ ಅಂಕಿ.

ಮೊದಲು ನನ್ನ ಅಣ್ಣನ ವಿಷಯ ಹೇಳುತ್ತೇನೆ, ನಾನು ಕಲಿತದ್ದೆಲ್ಲ ಅಲ್ಲಿಂದ. ಅವನ ಎಎಚ್‌ಐ 41 ಇತ್ತು. ಯಂತ್ರ ಬೇಡವೇ ಬೇಡ ಎಂದು ಹಟ ಹಿಡಿದು, ಬೇರೆ ಊರಿಗೆ ಹೋಗಿ ಗಂಟಲಿನ ಆಪರೇಷನ್ ಮಾಡಿಸಿಕೊಂಡ. ಕಿರುನಾಲಗೆ ತೆಗೆದು ಮೆತ್ತನೆಯ ಅಂಗುಳನ್ನು ಬಿಗಿ ಮಾಡುವ ಆಪರೇಷನ್. ಹದಿನೈದು ದಿನ ಗಂಜಿ ನುಂಗಲೂ ಕಣ್ಣೀರು ಬರುತ್ತಿತ್ತು. ಗಾಯ ಮಾದ ಮೇಲೆ ಗೊರಕೆ ನಿಂತೇಹೋಯಿತು. ಪಕ್ಕದ ಕೋಣೆಗೆ ಕೇಳುತ್ತಿದ್ದ ಗೊರಕೆ! ಮನೆಯವರೆಲ್ಲ ಗೆದ್ದೆವು ಅಂದುಕೊಂಡೆವು. ಅಣ್ಣ ಯಂತ್ರ ಮಾರಿಬಿಟ್ಟ. ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಹದಿನಾಲ್ಕು ತಿಂಗಳ ನಂತರ ಹಾವೇರಿಯಿಂದ ಬರುವಾಗ, ಬೆಳಗಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ತಡಸ ಕ್ರಾಸ್ ಹತ್ತಿರ ಕಾರು ರಸ್ತೆ ಬಿಟ್ಟು ಇಳಿಯಿತು. ಮಳೆಯಾಗಿ ಮಣ್ಣು ಮೆತ್ತಗಿತ್ತು, ಜೀವ ಉಳಿಯಿತು. ಕಣ್ಣು ಮುಚ್ಚಿದ್ದೇ ಅವನಿಗೆ ನೆನಪಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದರೆ ಎಎಚ್‌ಐ 34.

ಗೊರಕೆಯ ಸದ್ದು ಹೆಚ್ಚಾಗಿ ಅಂಗುಳು ನಡುಗುವುದರಿಂದ ಬರುತ್ತದೆ. ಅಣ್ಣನ ದಾರಿ ಮುಚ್ಚುತ್ತಿದ್ದದ್ದು ಇನ್ನೂ ಕೆಳಗೆ, ನಾಲಗೆಯ ಬುಡದಲ್ಲಿ. ಸದ್ದು ಹೋಯಿತು, ಉಸಿರು ನಿಲ್ಲುವುದು ಹೋಗಲಿಲ್ಲ. ಸದ್ದಿಲ್ಲದ ಕಾರಣ ಅತ್ತಿಗೆಗೂ ರಾತ್ರಿ ಎಚ್ಚರವಾಗುತ್ತಿರಲಿಲ್ಲ. ಅದಕ್ಕೇ ನನ್ನ ಮಾತು ಇಷ್ಟೇ: ಕ್ಲಿಪ್ ಆಗಲಿ, ಆಪರೇಷನ್ ಆಗಲಿ, ಇಂಜೆಕ್ಷನ್ ಆಗಲಿ, ಅದನ್ನು ಮಾಡಿಕೊಂಡ ಮೇಲೆ ಮತ್ತೊಮ್ಮೆ ನಿದ್ರೆಯ ಪರೀಕ್ಷೆ ಆಗಲೇಬೇಕು. ಮನೆಗೇ ಕೊಡುವ ಸಣ್ಣ ಯಂತ್ರದ ಪರೀಕ್ಷೆಯೂ ಸಾಕಾಗಬಹುದು, ಡಾಕ್ಟರನ್ನು ಕೇಳಿ. ಆಪರೇಷನ್ ಕಡೆಗೇ ಮನಸ್ಸಿದ್ದರೆ, ಮೊದಲು ಔಷಧಿಯಿಂದ ನಿದ್ರೆ ಬರಿಸಿ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ದಾರಿ ಎಲ್ಲಿ ಮುಚ್ಚುತ್ತದೆ ಎಂದು ನೋಡುತ್ತೀರಾ ಎಂದು ಕಿವಿ ಮೂಗು ಗಂಟಲಿನ ಡಾಕ್ಟರನ್ನು ಕೇಳಿ. ಅದನ್ನು ನೋಡದೆ ಕತ್ತರಿ ಹಿಡಿಯುವವರಿಂದ ಎದ್ದು ಬನ್ನಿ.

ಇನ್ನು ಯಂತ್ರ. ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಪ್ರಕಟಿಸಿದರು. ಗಾಳಿಯ ಒತ್ತಡದಿಂದ ಗಂಟಲನ್ನು ಒಳಗಿನಿಂದ ತೆರೆದು ಹಿಡಿಯುವ ಸರಳ ಉಪಾಯ. ಉಸಿರು ನಿಲ್ಲುವುದನ್ನು ತಡೆಯುವುದರಲ್ಲಿ ಇಂದಿಗೂ ಅದೇ ಮುಂದು. ಆದರೆ ಹಾಕಿಕೊಂಡರೆ ತಾನೆ? ನೀವು ಬರೆದ ಮೂರೂ ತೊಂದರೆ ನನಗೂ ಇದ್ದವು. ಮೂಗು ಒಣಗುವುದಕ್ಕೆ, ಗಾಳಿಗೆ ತೇವ ಕೊಡುವ ಬಿಸಿನೀರಿನ ಹ್ಯೂಮಿಡಿಫೈಯರ್ ಇದೆ, ನಿಮ್ಮ ಯಂತ್ರದಲ್ಲಿ ಅದು ಇದೆಯೇ, ನೀರು ಹಾಕುತ್ತಿದ್ದೀರಾ ನೋಡಿ. ಮುಖ ಕಟ್ಟಿದ ಹಾಗಾಗುವುದಕ್ಕೆ, ಮೂಗಿನ ಹೊಳ್ಳೆಗಷ್ಟೇ ಕೂರುವ ಸಣ್ಣ ಮಾಸ್ಕ್ ಬರುತ್ತದೆ. ಒತ್ತಡ ಮೊದಲಿಗೇ ಜೋರಾಗಿ ಬರದೆ ನಿಧಾನ ಏರುವಂತೆ ಹೊಂದಿಸಬಹುದು. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಕೂತರೆ ಹೆದರಿಕೆ ಕಡಿಮೆಯಾಗುತ್ತದೆ. ದಪ್ಪ ಮೀಸೆ ಇದ್ದರೆ ಗಾಳಿ ಸೋರುತ್ತದೆ. ಮೂಗಿನೊಳಗಿನ ಎಲುಬು ಡೊಂಕಿದ್ದರೆ ಅದನ್ನು ಸರಿಮಾಡಿಸಿದ ಮಾತ್ರಕ್ಕೆ ಆಪ್ನಿಯಾ ಹೋಗುವುದು ಅಪರೂಪ, ಆದರೆ ಮಾಸ್ಕ್ ತಡೆದುಕೊಳ್ಳಲು ಸಾಧ್ಯವಾಗುತ್ತದೆ. ಮಾರಿದ ಅಂಗಡಿಯವರು ಇದನ್ನೆಲ್ಲ ಕೂರಿಸಿಕೊಂಡು ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ.

ಇಷ್ಟೆಲ್ಲ ಮಾಡಿಯೂ ಐದು ತಿಂಗಳಾದ ಮೇಲೆ ನನ್ನ ಯಂತ್ರದ ಲೆಕ್ಕ ತೆಗೆದರೆ ರಾತ್ರಿಗೆ ಸರಾಸರಿ ಮೂರು ಗಂಟೆ. ಆಗ ಡಾಕ್ಟರೇ ದಂತವೈದ್ಯರ ಬಳಿ ಕಳಿಸಿದರು.

ಅದು ಮೇಲಿನ ಹಲ್ಲಿಗೊಂದು ಕೆಳಗಿನ ಹಲ್ಲಿಗೊಂದು ಅಚ್ಚು, ಎರಡನ್ನೂ ಜೋಡಿಸುವ ಸಣ್ಣ ತಿರುಪು. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ, ದವಡೆಯ ಜೊತೆ ನಾಲಗೆಯ ಬುಡವೂ ಮುಂದೆ ಬಂದು ದಾರಿ ಬಿಡುತ್ತದೆ. ಮೊದಲ ದಿನವೇ ಪೂರ್ತಿ ಎಳೆಯುವುದಿಲ್ಲ. ವಾರಕ್ಕೊಮ್ಮೆ ಅರ್ಧ ಮಿಲಿಮೀಟರ್ ಲೆಕ್ಕದಲ್ಲಿ ನನಗೆ ಎರಡೂವರೆ ತಿಂಗಳು ಹಿಡಿಯಿತು. ಶುರುವಿನಲ್ಲಿ ದಿಂಬು ಜೊಲ್ಲಿನಲ್ಲಿ ತೊಯ್ದಿರುತ್ತಿತ್ತು. ಬೆಳಗ್ಗೆ ಕಿವಿಯ ಮುಂದೆ ದವಡೆಯ ಸಂದು ನೋಯುತ್ತಿತ್ತು, ರೊಟ್ಟಿ ಅಗಿಯಲು ಒಂಬತ್ತು ಗಂಟೆಯಾಗಬೇಕು. ಈಗ ಆ ನೋವಿಲ್ಲ. ಆದರೆ ಐದು ವರ್ಷದಲ್ಲಿ ಮುಂದಿನ ಹಲ್ಲುಗಳು ಮೊದಲಿನ ಹಾಗೆ ಕೂಡುವುದಿಲ್ಲ. ಇದು ಗೊತ್ತಿದ್ದೇ ಹಾಕಿಸಿಕೊಳ್ಳಬೇಕು. ಕ್ಲಿಪ್ ಹಾಕಿಕೊಂಡೇ ಮಾಡಿಸಿದ ಪರೀಕ್ಷೆಯಲ್ಲಿ 22 ಇದ್ದದ್ದು 7 ಆಯಿತು. ಯಂತ್ರದಲ್ಲಿ 2 ಬರುತ್ತಿತ್ತು ನಿಜ, ಆದರೆ ಮೂರೇ ಗಂಟೆ. ಕ್ಲಿಪ್ ರಾತ್ರಿಯಿಡೀ ಬಾಯಲ್ಲಿರುತ್ತದೆ.

ಎರಡೂ ದವಡೆಯಲ್ಲಿ ಗಟ್ಟಿ ಹಲ್ಲು ಸಾಕಷ್ಟಿರಬೇಕು, ಒಸಡು ಚೆನ್ನಾಗಿರಬೇಕು. ನಿಮ್ಮವರಿಗೆ ಗುಟ್ಕಾ ಅಭ್ಯಾಸ ಇದೆಯೇ? ಅದನ್ನು ತಿಂದು ತಿಂದು ಬಾಯಿ ಪೂರ್ತಿ ತೆರೆಯದಂತಾದವರು ನಮ್ಮ ಕಡೆ ಮನೆಗೊಬ್ಬರಂತೆ ಸಿಗುತ್ತಾರೆ. ಅಂಥವರಿಗೆ ಅಚ್ಚು ತೆಗೆಯುವುದೇ ಕಷ್ಟ. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಹಾಕಿಕೊಳ್ಳುವ ರೆಡಿಮೇಡ್ ಕ್ಲಿಪ್ ತರಿಸಬೇಡಿ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ, ಕಟ್ಟುಹಲ್ಲು ಮಾಡುವ ಪ್ರಾಸ್ಥೊಡಾಂಟಿಕ್ಸ್ ವಿಭಾಗದಲ್ಲಿ, ನಿದ್ರೆಯ ರಿಪೋರ್ಟ್ ಕೈಯಲ್ಲಿ ಹಿಡಿದೇ ಹೋಗಿ ವಿಚಾರಿಸಿ.

ಚಿಕಿತ್ಸೆ ಹಿಡಿಯುವವರೆಗೆ ಅವರು ಕಾರು ಓಡಿಸುವುದು ಬೇಡ. ಇದನ್ನು ಕೈಮುಗಿದು ಕೇಳುತ್ತಿದ್ದೇನೆ.

ಉತ್ತರ: ಗದಗಿನಿಂದ

ನಂದು ಸಣ್ಣ ಅನುಭವರಿ. ನನ್ನ ರಿಪೋರ್ಟಿನ್ಯಾಗ ಅಂಗಾತ ಮಲಗಿದಾಗ 31, ಮಗ್ಗಲಾದಾಗ 6 ಅಂತ ಬ್ಯಾರೆ ಬ್ಯಾರೆ ಬರದಿತ್ತು. ಮೊದಲ ಪುಟದಾಗ ಒಟ್ಟಿನ ಅಂಕಿ ಅಷ್ಟ ಇರ್ತದ, ಇದು ಒಳಗಿನ ಪುಟದಾಗ. ಅಂಗಾತ ಆದ್ರ ನಾಲಿಗಿ ಹಿಂದಕ್ಕ ಬೀಳ್ತದ. ನನ್ನ ಮನಿಯಾಕಿ ಬನಿಯನ್ನಿನ ಬೆನ್ನಿಗೆ ಕಿಸೆ ಹೊಲದು ಟೆನಿಸ್ ಚೆಂಡು ಇಟ್ಲು. ಎರಡು ವಾರ ಭಾಳ ಕಿರಿಕಿರಿ ಆತು. ಆಮ್ಯಾಲ ಸಣ್ಣ ಬೆನ್ನಚೀಲಕ್ಕ ಟಾವೆಲ್ ತುಂಬಿ ಹಾಕ್ಕೊಂಡು ಮಲಗಾಕ ಹತ್ತಿದೆ, ಅದು ರೂಢಿ ಆತು. ಹಂಗ ಮಲಗೇ ಪರೀಕ್ಷೆ ಮಾಡ್ಸಿದೆ, 9 ಬಂತು. ದಿನಾ ಭೀಷ್ಮ ಕೆರಿ ಕಡೆ ನಡದು ತೂಕ 96ರಿಂದ 87ಕ್ಕ ಇಳಿಸೀನಿ. ರಾತ್ರಿ ಕುಡಿಯೂದು ಪೂರ್ತಿ ಬಿಟ್ಟೀನಿ. ಕುಡದ್ರ ಗಂಟಲ ಸ್ನಾಯು ಸಡ್ಲಾಗಿ ಉಸಿರು ಇನ್ನೂ ಜಾಸ್ತಿ ನಿಲ್ತದ ಅಂತ ಡಾಕ್ಟ್ರು ಖಡಾಖಂಡಿತ ಹೇಳಿದ್ರು. ನಿದ್ದಿ ಗುಳಿಗಿನೂ ತಾವಾಗೇ ತಗೋಬ್ಯಾಡ್ರಿ.

ಉತ್ತರ: ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯಿಂದ

ನನ್ನ ತಾಯಿಯ ಎಎಚ್‌ಐ 58 ಇತ್ತು, ರಾತ್ರಿ ರಕ್ತದ ಆಮ್ಲಜನಕ ಶೇಕಡಾ 70ಕ್ಕೆ ಇಳಿಯುತ್ತಿತ್ತು. ಕ್ಲಿಪ್ ಕೇಳಿದೆವು, ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಇಲ್ಲ, ಆಗುವುದಿಲ್ಲ ಎಂದರು. ಕೊನೆಗೆ ಯಂತ್ರವೇ ಗತಿ ಎಂದಾಯಿತು. ನಮ್ಮೂರಲ್ಲಿ ರಾತ್ರಿ ಕರೆಂಟು ಹೋದರೆ ಬೆಳಗಾಗುವುದೇ, ಅದಕ್ಕೆ ಇನ್ವರ್ಟರ್ ಹಾಕಿಸಿದೆವು. ಹ್ಯೂಮಿಡಿಫೈಯರ್ ಬಂದ್ ಮಾಡಿದರೆ ಯಂತ್ರ ತಿನ್ನುವ ಕರೆಂಟು ಬಹಳ ಕಡಿಮೆ, ಬ್ಯಾಟರಿ ರಾತ್ರಿಯಿಡೀ ಬಾಳುತ್ತದೆ. ಮೂರನೆಯ ಮಾಸ್ಕ್ ಅವರಿಗೆ ಹೊಂದಿತು. ಅಲ್ಲಿಯವರೆಗೆ ಅವ್ವ ದಿನಾ ಅಳುತ್ತಿದ್ದರು. ಇನ್ನೊಂದು, ಥೈರಾಯ್ಡ್ ನೋಡಿಸಿದಿರಾ? ಅವ್ವಗೆ ಅದೂ ಕಡಿಮೆ ಇತ್ತು. ಥೈರಾಯ್ಡ್ ಕಡಿಮೆಯಾದರೆ ಆಪ್ನಿಯಾ ಹೆಚ್ಚುತ್ತದಂತೆ. ಬರೀ ಒಂದು ರಕ್ತಪರೀಕ್ಷೆ.

ಮತ್ತೆ: ಧಾರವಾಡ, ಮಾಳಮಡ್ಡಿಯಿಂದ

ಗದಗಿನವರು ಹೇಳಿದ ಒಳಪುಟವನ್ನು ತಪ್ಪದೆ ನೋಡಿ. ನಾನು ಅದನ್ನು ಮೊದಲೇ ಬರೆಯಬೇಕಿತ್ತು.

ಶಂಖದ ವಿಷಯ. ನಿಮ್ಮ ಮಾವನವರ ಮಾತನ್ನು ತೆಗೆದುಹಾಕಬೇಡಿ. ಜೈಪುರದ ವೈದ್ಯರು ಮಧ್ಯಮ ಆಪ್ನಿಯಾ ಇದ್ದ 30 ಜನರನ್ನು ಎರಡು ಗುಂಪು ಮಾಡಿ ನೋಡಿ, 2025ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಕನಿಷ್ಠ 15 ನಿಮಿಷ ಶಂಖ ಊದಿತು, ಇನ್ನೊಂದು ದೀರ್ಘ ಉಸಿರಾಟ ಮಾಡಿತು. ಆರು ತಿಂಗಳಿಗೆ ಶಂಖದವರ ಹಗಲುನಿದ್ರೆ ಕಡಿಮೆಯಾಯಿತು, ಉಸಿರು ನಿಲ್ಲುವುದು ಗಂಟೆಗೆ ನಾಲ್ಕೈದು ಸಲದಷ್ಟು ಕಡಿಮೆಯಾಯಿತು. ಗಂಟಲಿನ ಮತ್ತು ಅಂಗುಳಿನ ಸ್ನಾಯು ಗಟ್ಟಿಯಾಗುವುದೇ ಕಾರಣ ಎನ್ನುತ್ತಾರೆ. ನಮ್ಮ ದಾಸಯ್ಯಗಳು ಶಂಖ ಹಿಡಿದು ಮನೆಮುಂದೆ ನಿಂತದ್ದು ನೆನಪಾಗಿ ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಆದರೆ ಲೆಕ್ಕ ಹಾಕಿ. 27ರಲ್ಲಿ ಐದು ಕಳೆದರೆ 22. ಅದು ಆಪರೇಷನ್ನೂ ಕ್ಲಿಪ್ಪೂ ಇಲ್ಲದೆ ನಾನು ಹೊರಟ ಜಾಗ. ಊದಲಿ, ಬೇರೊಂದರ ಜೊತೆಗೆ ಊದಲಿ. ಬಿಪಿ ಜಾಸ್ತಿ ಇದ್ದರೆ, ಕಣ್ಣಿನ ಒತ್ತಡ ಅಥವಾ ಹರ್ನಿಯಾ ಇದ್ದರೆ ಡಾಕ್ಟರನ್ನು ಕೇಳಿಯೇ ಊದಬೇಕು.

ತೂಕಕ್ಕೂ ಇದೇ ಲೆಕ್ಕ. ಹತ್ತರಲ್ಲೊಂದು ಪಾಲು ತೂಕ ಇಳಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನ ತೋರಿಸಿದೆ. 92 ಇದ್ದವರು 83ಕ್ಕೆ ಬಂದರೆ 27 ಇದ್ದದ್ದು 20ರ ಹತ್ತಿರ ಬರಬಹುದು. ನೀವು ಕೇಳಿದ ಇಂಜೆಕ್ಷನ್ ಟಿರ್ಜೆಪಟೈಡ್ ಇರಬೇಕು. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ ಅದನ್ನು ಕೊಡಬಹುದೆಂದು ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ 2025ರ ಮಾರ್ಚ್‌ನಿಂದ ಸಕ್ಕರೆ ಕಾಯಿಲೆ ಮತ್ತು ತೂಕಕ್ಕೆಂದು ಮಾರುತ್ತಿದ್ದಾರೆ. ಆ ಇಂಜೆಕ್ಷನ್ನಿನ ಪ್ರಯೋಗದಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30ರ ಮೇಲಿದ್ದವರನ್ನೇ ತೆಗೆದುಕೊಂಡಿದ್ದರು, ನಿಮ್ಮವರದು 32ರ ಮೇಲಾಗುತ್ತದೆ. ಒಂದು ವರ್ಷಕ್ಕೆ ಉಸಿರು ನಿಲ್ಲುವುದು ಗಂಟೆಗೆ ಸರಾಸರಿ 25ಕ್ಕೂ ಹೆಚ್ಚು ಸಲದಷ್ಟು ಕಡಿಮೆಯಾಯಿತು, ಆದರೆ ಅವರೆಲ್ಲ ಸರಾಸರಿ 50ರ ಆಸುಪಾಸಿನಿಂದ ಹೊರಟವರು. ವಾಕರಿಕೆ, ಭೇದಿ ಸಾಮಾನ್ಯ. ಬಿಟ್ಟರೆ ತೂಕ ಮರಳುತ್ತದೆ. ಕೆಲಸ ಮಾಡಲು ತಿಂಗಳುಗಳು ಬೇಕು, ಆ ತಿಂಗಳುಗಳಲ್ಲೂ ರಾತ್ರಿ ಉಸಿರು ನಿಲ್ಲುತ್ತಲೇ ಇರುತ್ತದೆ. ಅಷ್ಟರವರೆಗೆ ಯಂತ್ರವೋ ಕ್ಲಿಪ್ಪೋ ಒಂದಿರಲೇಬೇಕು.

ನಾಲಗೆಯ ನರಕ್ಕೆ ಮಿಡಿತ ಕೊಡುವ ಸಾಧನವನ್ನು ಎದೆಯಲ್ಲಿ ಕೂರಿಸುವುದೂ ಇದೆ, ಅಮೆರಿಕದಲ್ಲಿ 2014ರಿಂದ. ಹಾಕಿಸಿಕೊಂಡವರನ್ನು ನಮ್ಮ ಕಡೆ ನಾನು ಕಂಡಿಲ್ಲ.

ಕೇಳಿದವರು: ಬ್ಯಾಡಗಿಯಿಂದ

ಎಲ್ಲರಿಗೂ ನಮಸ್ಕಾರ. ರಿಪೋರ್ಟ್ ತೆಗೆದು ನೋಡಿದೆ. ನಾಲ್ಕನೆಯ ಪುಟದಲ್ಲಿದೆ. ಅಂಗಾತ 38, ಮಗ್ಗಲು 11. ನಾಲ್ಕು ತಿಂಗಳು ಮನೆಯಲ್ಲೇ ಇತ್ತು, ಯಾರೂ ಆ ಪುಟ ತೋರಿಸಿರಲಿಲ್ಲ. ಹ್ಯೂಮಿಡಿಫೈಯರಿನ ಡಬ್ಬಿಯನ್ನು ನಾವು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. ನಿನ್ನೆ ನೀರು ತುಂಬಿ ಹಾಕಿದೆ, ಬೆನ್ನಿಗೆ ದಿಂಬು ಕಟ್ಟಿದೆ, ನಾಲ್ಕು ಗಂಟೆ ಹಾಕಿಕೊಂಡು ಮಲಗಿದರು. ಗುಟ್ಕಾ ಇಲ್ಲ, ಎಲೆಅಡಿಕೆ ಇದೆ. ಬಾಯಿಗೆ ಮೂರು ಬೆರಳು ಹಿಡಿಯುತ್ತವೆ. ತಡಸದ ಸಂಗತಿ ಓದಿದ ಮೇಲೆ ಅವರು ಕಾರಿನ ಕೀಲಿ ತಂದು ನನ್ನ ಕೈಗೆ ಕೊಟ್ಟರು. ಸೋಮವಾರ, ಗುರುವಾರ ಮಾರುಕಟ್ಟೆ ಇರುತ್ತದೆ. ಬುಧವಾರ ಸತ್ತೂರಿಗೆ ಹೊರಡುತ್ತೇವೆ. ಕಾರು ನನ್ನ ತಮ್ಮ ಓಡಿಸುತ್ತಾನೆ.