ವಾಲ್ಡೋ ಲೇಕ್‌ಗೆ ಮಗಳ ಜೊತೆ ಹೋಗೋದು ಜುಲೈನಲ್ಲಾ, ಸೆಪ್ಟೆಂಬರ್‌ನಲ್ಲಾ?

ಹಿಲ್ಸ್‌ಬರೋ ಅಪ್ಪ:
ನಮಸ್ಕಾರ. ಅಮೆರಿಕದ ಆರೆಗಾನ್‌ನ ವಾಲ್ಡೋ ಲೇಕ್‌ನಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ನಡೆಸಬೇಕು ಅಂತ ತುಂಬಾ ದಿನದ ಆಸೆ. ಎಂಟು ವರ್ಷದ ಮಗಳೂ ಬರ್ತಾಳೆ. ನಾನು ಕಯಾಕ್ ಹಿಡಿದಿದ್ದು ನಾಲ್ಕೈದು ಸಲ, ಅದೂ ನಿಧಾನವಾಗಿ ಹರಿಯುವ ಹೊಳೆಯಲ್ಲಿ. ಜುಲೈ ಮೊದಲ ವಾರ ಇಲ್ಲಾ ಸೆಪ್ಟೆಂಬರ್ ಮೊದಲ ವಾರ ರಜೆ ಸಿಗುತ್ತೆ. ಯಾವುದು ವಾಸಿ?

ಯೂಜೀನ್ ಅಕ್ಕ:
ಜುಲೈ ಬೇಡವೇ ಬೇಡ. ನಾವು ಹೋಗಿ ಅನುಭವಿಸಿದ್ದೇವೆ. ಹಿಮ ಕರಗಿ ಕಾಡಿನ ತುಂಬ ನೀರು ನಿಂತಿರುತ್ತೆ, ಅದರಲ್ಲಿ ಹುಟ್ಟುವ ಸೊಳ್ಳೆ ಅಷ್ಟಿಷ್ಟಲ್ಲ. ಚಿತ್ರಾನ್ನದ ಡಬ್ಬಿ ತೆರೆದ ಕೂಡಲೇ ಮುತ್ತಿಕೊಂಡವು, ಕೊನೆಗೆ ಟೆಂಟ್ ಜಿಪ್ ಎಳೆದು ಒಳಗೇ ಕೂತು ತಿಂದೆವು. ಮಗುವಿನ ಕಿವಿ ಹಿಂದೆಲ್ಲ ದದ್ದು. ಅದೇ ಆಗಸ್ಟ್ ಕೊನೆಗೆ ಹೋದಾಗ ಸೊಳ್ಳೆ ಹುಡುಕಿದರೂ ಇರಲಿಲ್ಲ.

ಇನ್ನು ಆ ನೀರು! ದಡದಿಂದ ಸ್ವಲ್ಪ ದೂರ ಹೋಗಿ ಹುಟ್ಟು ಹಾಕೋದು ನಿಲ್ಲಿಸಿದೆವು. ದೋಣಿಯ ನೆರಳು ಕೆಳಗಿನ ಕಲ್ಲುಗಳ ಮೇಲೆ ಅಲುಗಾಡುತ್ತಿತ್ತು. ಮಗ ಕೈ ಇಳಿಸಿ ಒಂದು ಬಿಳಿ ಕಲ್ಲು ಎತ್ತಲು ನೋಡಿದ, ಭುಜದವರೆಗೆ ಮುಳುಗಿದರೂ ಸಿಗಲಿಲ್ಲ. ಹುಟ್ಟು ನೇರವಾಗಿ ಇಳಿಸಿ ನೋಡಿದೆ, ಅದಕ್ಕೂ ಎಟುಕಲಿಲ್ಲ.

ಹುಟ್ಟು ಹಿಡಿದವ:
ಸೆಪ್ಟೆಂಬರೇ ಸರಿ, ಆದರೆ ಗಾಳಿ ಬಗ್ಗೆ ಹುಷಾರು. ಬೆಳಗ್ಗೆ ಕನ್ನಡಿ ಹಾಗಿರುವ ನೀರು ಮಧ್ಯಾಹ್ನದ ಹೊತ್ತಿಗೆ ಅಲೆ ಎಬ್ಬಿಸುತ್ತೆ. ಸರೋವರ ಇರೋದು 5,414 ಅಡಿ ಎತ್ತರದಲ್ಲಿ, ಆಳ ಸುಮಾರು 420 ಅಡಿ, ನೀರು ಯಾವಾಗಲೂ ತಣ್ಣಗೆ. ಮಗು ಜೊತೆಗಿದ್ದರೆ ನಡುನೀರಿಗೆ ಹೋಗಲೇಬೇಡಿ, ದಡದ ಪಕ್ಕದಲ್ಲೇ ಸಾಗಿ, ಊಟದ ಹೊತ್ತಿಗೆ ವಾಪಸ್ ಬನ್ನಿ. ಮಗಳಿಗೆ ಲೈಫ್ ಜಾಕೆಟ್ ಇಲ್ಲಿ ಕಾನೂನೇ. ನೀವೂ ಹಾಕಿಕೊಳ್ಳಿ, ಪಕ್ಕದಲ್ಲಿ ಇಟ್ಟುಕೊಂಡರೆ ಸಾಲದು. ಹೊಸಬರಿಗೆ ಷಾಡೋ ಬೇ ಕ್ಯಾಂಪ್ ಒಳ್ಳೇದು, ಕೊಲ್ಲಿಯ ಒಳಗಿರೋದರಿಂದ ಗಾಳಿ ಕಡಿಮೆ. ಪೆಟ್ರೋಲ್ ಮೋಟಾರ್ ದೋಣಿ ಬಿಡೋ ಹಾಗಿಲ್ಲ, ಅದಕ್ಕೇ ಅಷ್ಟು ನಿಶ್ಶಬ್ದ.

ಹೊರಡುವ ಮುಂಚೆ ಕಾಡ್ಗಿಚ್ಚಿನ ಹೊಗೆ ಎಷ್ಟಿದೆ ಅಂತ ನೋಡಿಕೊಳ್ಳಿ. 2022ರಲ್ಲಿ ಸೀಡರ್ ಕ್ರೀಕ್ ಬೆಂಕಿ ಪಕ್ಕದ ಕಾಡನ್ನೇ ಸುಟ್ಟಿತ್ತು. ಉತ್ತರ ದಡದಲ್ಲಿ 1996ರ ಬೆಂಕಿಗೆ ಸುಟ್ಟ ಮರಗಳನ್ನೂ ನೋಡಬಹುದು.

ಹಿಲ್ಸ್‌ಬರೋ ಅಪ್ಪ:
ಸೆಪ್ಟೆಂಬರ್ ಅಂತ ಗಟ್ಟಿ ಮಾಡಿದೆ, ಇಬ್ಬರಿಗೂ ಥ್ಯಾಂಕ್ಸ್. ಒಂದೇ ಪ್ರಶ್ನೆ ಉಳಿದಿದೆ, ಪಾತ್ರೆ ಎಲ್ಲಿ ತೊಳೆಯೋದು?

ಯೂಜೀನ್ ಅಕ್ಕ:
ಕೆರೆಯಲ್ಲಂತೂ ಬೇಡ, ಸೋಪ್ ಹಾಕದಿದ್ದರೂ ಬೇಡ. ವರ್ಷವಿಡೀ ಹರಿದು ಬಂದು ಸೇರುವ ಹೊಳೆ ಈ ಸರೋವರಕ್ಕಿಲ್ಲ. ಹಿಮ, ಮಳೆ ನೀರು ಅಷ್ಟೇ. ಹೊರಗಿನ ಮಣ್ಣು, ಪೋಷಕಾಂಶ ಬರೋದು ಕಡಿಮೆ, ಅದಕ್ಕೇ ಪಾಚಿ ಕಟ್ಟದೆ ಇಷ್ಟು ತಿಳಿಯಾಗಿದೆ. ನಮ್ಮ ಸಾರಿನ ಪಾತ್ರೆ ಅದಕ್ಕೆ ಸೇರೋದು ಯಾಕೆ ಹೇಳಿ? ಒಂದು ಬಕೆಟ್ ತಗೊಂಡು ಹೋಗಿ, ದಡದಿಂದ ಎಪ್ಪತ್ತು ಎಂಬತ್ತು ಹೆಜ್ಜೆ ದೂರ ನೀರು ಒಯ್ದು ತೊಳೆಯಿರಿ. ಅನ್ನದ ಅಗುಳು ಸೋಸಿ ಕಸದ ಚೀಲಕ್ಕೆ ಹಾಕಿ.