ಮೌಲ್ಯಗಳ ಸರ್ವೆ: ಎಲ್ಲದಕ್ಕೂ 5 ಬರ್ತಿದೆ, ಆಲ್ಫಾ ಪಾತಾಳದಲ್ಲಿದೆ

ತುಂಗಾತೀರ:
ತಲೆ ಕೆಟ್ಟು ಹೋಗಿದೆ. ಹೊಸನಗರ, ತೀರ್ಥಹಳ್ಳಿ ಕಡೆ ಮನೆಮನೆಗೆ ಹೋಗಿ ನೈತಿಕ ಮೌಲ್ಯ ಅಳೆಯೋ ಪ್ರಶ್ನಾವಳಿ ಎಂಎಫ್‌ಕ್ಯೂ ತುಂಬಿಸಿಕೊಂಡು ಬಂದೆ. ಹಿರಿಯರಿಗೆ ಗೌರವ? 0ರಿಂದ 5ರಲ್ಲಿ 5. ಶುದ್ಧತೆ? 5. ನ್ಯಾಯ, ಕರುಣೆಗೂ 5. ಒಂದೇ ಮೌಲ್ಯದ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಅಳೆಯೋ ಆಲ್ಫಾ ಮಾತ್ರ ಪಾತಾಳಕ್ಕೆ ಬಿದ್ದಿದೆ. ಅಮೆರಿಕದ ಸರಾಸರಿ ಜೊತೆ ಹೋಲಿಸಿ ಅಧ್ಯಾಯ ಮುಗಿಸಬೇಕಿತ್ತು. ಏನು ಮಾಡಲಿ?

ಸಂಖ್ಯಾಪ್ರಿಯ:
ಆಲ್ಫಾ ಬಿಡಿ, ಅದೇ ಕೆಲಸದ ಇನ್ನೊಂದು ಅಳತೆ ಒಮೆಗಾ ಹಾಕಿ. ಎಂಎಫ್‌ಕ್ಯೂ ಬಗೆಗಿನ 2011ರ ಮೂಲ ಲೇಖನದಲ್ಲೇ ನ್ಯಾಯದ ಆಲ್ಫಾ 0.65 ಅಷ್ಟೇ ಇತ್ತು.

ಹಾಳೆಟೋಪಿ:
ಯಾವ ಎಂಎಫ್‌ಕ್ಯೂ ಮಾರಾಯ್ರೇ? ಹಳೇ 30 ಪ್ರಶ್ನೆಯದೋ, 2023ರ 36 ಪ್ರಶ್ನೆಯದೋ? ಹೊಸದರಲ್ಲಿ ನ್ಯಾಯವನ್ನು ಎರಡು ಮಾಡಿದ್ದಾರೆ: ಎಲ್ಲರಿಗೂ ಸಮಪಾಲು ಒಂದು, ದುಡಿದಷ್ಟು ಪಾಲು ಇನ್ನೊಂದು.

ತುಂಗಾತೀರ:
ಹಳೇದು. ಎಲ್ಲರೂ ಬಳಸೋದು ಅದೇ ಅಲ್ವಾ? ಎಸ್‌ಪಿಎಸ್‌ಎಸ್‌ ಸಾಫ್ಟ್‌ವೇರ್‌ನಲ್ಲಿ ಒಮೆಗಾ ಎಲ್ಲಿದೆ?

ಸಂಖ್ಯಾಪ್ರಿಯ:
ಅದರಲ್ಲಿಲ್ಲ. ಪುಕ್ಕಟೆ ಸಿಗೋ ಸಾಫ್ಟ್‌ವೇರ್ ಆರ್ ಕಲಿಯಿರಿ.

ಕೊಪ್ಪದಕಾಫಿ:
27ನೇ ಆವೃತ್ತಿಯಿಂದ ಇದೆ. ಆರ್ ಭಕ್ತರು ಒಮ್ಮೆ ಮೆನು ತೆಗೆದು ನೋಡಿ.

ಸಂಖ್ಯಾಪ್ರಿಯ:
ದುಡ್ಡು ಕೊಟ್ಟು ಮೆನು ನೋಡೋರು ನೋಡಲಿ ಬಿಡಿ.

ಹಾಳೆಟೋಪಿ:
ಜಗಳ ಆಮೇಲೆ. ಉತ್ತರಗಳಲ್ಲಿ ವ್ಯತ್ಯಾಸವೇ ಇಲ್ಲದ ಮೇಲೆ ಒಮೆಗಾ ಏನು ಮಾಡುತ್ತದೆ? ಆ 30ರ ಜೊತೆ ಪರೀಕ್ಷೆಗೆ ಅಂತಲೇ ಇಟ್ಟ ಪ್ರಶ್ನೆಗಳಿವೆ. ಸರಿ-ತಪ್ಪು ತೀರ್ಮಾನಿಸುವಾಗ ಆ ಮನುಷ್ಯ ಗಣಿತದಲ್ಲಿ ಜಾಣನೋ ಅನ್ನೋದು ಎಷ್ಟು ಮುಖ್ಯ ಅಂತ ಒಂದಿದೆಯಲ್ಲ, ಅದಕ್ಕೂ 5 ಬಂದಿದ್ದರೆ ಜನ ಸುಮ್ನೆ ಹೂಂಗುಟ್ಟಿದ್ದಾರೆ ಅಂತಲೇ ಅನುಮಾನ ಪಡಬೇಕು. ಏನು ಬಂತು? ಅವರೇ ತುಂಬಿದ್ದೋ, ನೀವು ಓದಿ ಹೇಳಿದ್ದೋ?

ತುಂಗಾತೀರ:
ಗಣಿತದ್ದನ್ನು ಸಂಶೋಧನೆಯ ಗೈಡ್ ತೆಗೆಸಿದರು, ಜನ ನಗ್ತಾರೆ ಅಂತ. ಓದಿದ್ದು ನಾನೇ. ಕೊಯ್ಲಿನ ಸಮಯ, ಮನೆಯವರೆಲ್ಲ ಒಟ್ಟಿಗೆ ಕೂತು ಅಡಿಕೆ ಸುಲೀತಿದ್ದರು, ಅಲ್ಲೇ ಕೂತು ಕೇಳಿದೆ. ಯಜಮಾನರು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ "ಹೌದ್ರೀ, ಅದೂ ಮುಖ್ಯವೇ" ಅಂದರು. ಸೊಸೆ ಒಮ್ಮೆ ಅವರ ಕಡೆ ನೋಡಿ ಅದನ್ನೇ ಹೇಳಿದರು.

ಹಾಳೆಟೋಪಿ:
ಇದನ್ನು ಮೊದಲೇ ಹೇಳೋದಲ್ವಾ! ಮಾವನ ಎದುರು ಕೂತು ಹಿರಿಯರ ಮಾತು ಅಷ್ಟೇನೂ ಮುಖ್ಯ ಅಲ್ಲ ಅಂತ ಯಾವ ಸೊಸೆ ಹೇಳ್ತಾಳೆ? ಅವರ 5 ಸುಳ್ಳು ಅಂತಲ್ಲ, ನಿಜವೂ ಇರಬಹುದು. ಆದರೆ ಈ ಹಾಳೆ ನೋಡಿ ಅದನ್ನು ಹೇಳೋಕಾಗಲ್ಲ. ಅಮೆರಿಕದ ಹೋಲಿಕೆಯಂತೂ ಬಿಟ್ಟುಬಿಡಿ. ಎರಡೂ ಕಡೆ ಪ್ರಶ್ನೆಗಳು ಒಂದೇ ರೀತಿ ಗುಂಪಾಗಬೇಕು, ಒಂದೇ ತೂಕ ಇರಬೇಕು, ಒಂದೇ ಮೌಲ್ಯ ಇರೋ ಇಬ್ಬರು ಒಂದೇ ಅಂಕ ಕೊಡಬೇಕು. ಕೊನೇದೇ ಸ್ಕೇಲಾರ್ ಇನ್ವೇರಿಯನ್ಸ್, ಅದಿಲ್ಲದೆ ಸರಾಸರಿಗಳನ್ನು ಪಕ್ಕಪಕ್ಕ ಇಡೋ ಹಾಗಿಲ್ಲ.

ಸಂಖ್ಯಾಪ್ರಿಯ:
ಒಮೆಗಾ ಹಾಕಿ ನೋಡಿದ್ರಾ?

ಕೊಪ್ಪದಕಾಫಿ:
ನಾನು ಪ್ರಶ್ನೆಗಳನ್ನು ರೆಕಾರ್ಡ್ ಮಾಡಿ ಟ್ಯಾಬ್‌ಗೆ ಹಾಕಿದ್ದೇನೆ. ಹೆಡ್‌ಫೋನ್ ಹಾಕಿಕೊಂಡು ಕೇಳ್ತಾರೆ, ಬಣ್ಣದ ಗುಂಡಿ ಒತ್ತುತ್ತಾರೆ. ಪಕ್ಕದವರಿಗೆ ಏನೂ ಗೊತ್ತಾಗಲ್ಲ, ಓದು ಬರದ ಅಜ್ಜಿಗೂ ಆಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಚಿಂತೆಯಿಲ್ಲ, ಬ್ಯಾಗ್ ಮೇಲೇ ಸೋಲಾರ್ ಪ್ಲೇಟ್ ಕೂರಿಸಿದ್ದೇನೆ.

ಸಂಖ್ಯಾಪ್ರಿಯ:
ಆಗುಂಬೆ ಮಳೇಲಿ ಸೋಲಾರಾ? ಫೋಟೋ ಹಾಕಿ ನೋಡೋಣ.

ತುಂಗಾತೀರ:
ಅದಿರಲಿ, ಈಗಿರೋ ಹಾಳೆಗಳನ್ನು ಏನು ಮಾಡಲಿ ಹೇಳಿ?

ಕೊಪ್ಪದಕಾಫಿ:
ಫೋಟೋ ಸಂಜೆ ಹಾಕ್ತೇನೆ. ಪ್ಲೇಟು 20 ವ್ಯಾಟಿಂದು.