ಪದಚರ್ಚೆ: ‘ಟರ್ನ್ ಇನ್’ಗೆ ಸಲ್ಲಿಸು, ಕಳಿಸು, ಒಪ್ಪಿಸು – ಯಾವುದು?

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ 4 ಮತ್ತು 5ನೇ ತರಗತಿಗೆ ಗೂಗಲ್ ಕ್ಲಾಸ್‌ರೂಮ್ (ಮೇಷ್ಟ್ರು ಕೆಲಸ ಕೊಟ್ಟು, ಮಕ್ಕಳು ಮಾಡಿ ಕೊಡುವ ಆನ್‌ಲೈನ್ ತಾಣ) ಬಳಸುವ ಕ್ರಮದ ಗೋಡೆ ಚಾರ್ಟ್ ಬರೆಯಬೇಕಿದೆ. ಹೋಂವರ್ಕು, ಕಿರುಪರೀಕ್ಷೆ ಎಲ್ಲ ಟ್ಯಾಬಿನಲ್ಲೇ. ಕರಡಿನಲ್ಲಿ, ಮುಗಿಸಿದ ಕೆಲಸ ಮೇಷ್ಟ್ರಿಗೆ ಕೊಡುವ ಟರ್ನ್ ಇನ್‌ಗೆ ‘ಸಲ್ಲಿಸು’, ಎಡಿಟ್‌ಗೆ ‘ಸಂಪಾದಿಸು’, ಸೇವ್‌ಗೆ ‘ಉಳಿಸು’, ಫೈಲ್‌ಗೆ ‘ಕಡತ’ ಅಂತಿದೆ. ಕೊಟ್ಟದ್ದನ್ನು ಹಿಂಪಡೆಯುವ ಅನ್‌ಸಬ್ಮಿಟ್‌ಗೆ ಏನೂ ಹೊಳೆದಿಲ್ಲ. ಹತ್ತು ವರ್ಷದ ಮಗುವಿಗೆ ಇವು ದಕ್ಕುತ್ತವೆಯೇ? ‘ಕಾಗದರಹಿತ ತರಗತಿ’ ಎಂಬ ತಲೆಬರಹ ಸರಿಯೇ?

*

ಉತ್ತರ, ಮೈಸೂರಿನಿಂದ:

ಮೇಷ್ಟ್ರೇ, ಆ ಬಟನ್ ಒತ್ತಿದರೆ ಮಗು ಟ್ಯಾಬಿನಲ್ಲಿ ಬರೆದ ಹಾಳೆಗೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡಿ, ಪದ ತಾನಾಗಿ ಸಿಗುತ್ತದೆ. ಟರ್ನ್ ಇನ್ ಒತ್ತಿದ ಕೂಡಲೇ ಮಗು ಆ ಹಾಳೆಯನ್ನು ಓದಬಹುದೇ ಹೊರತು ಬರೆಯಲಾಗದು. ಬರೆಯುವ ಹಕ್ಕು ಮೇಷ್ಟ್ರ ಕೈಗೆ ಹೋಯಿತು. ಹೀಗೆ ಕೈಬಿಟ್ಟು ಕೊಡುವುದಕ್ಕೆ ನಮ್ಮಲ್ಲಿ ‘ಒಪ್ಪಿಸು’ ಇದೆ. ಮಗ್ಗಿ ಒಪ್ಪಿಸಿ, ಪದ್ಯ ಒಪ್ಪಿಸಿ ಮಕ್ಕಳಿಗೆ ಅದು ರೂಢಿಯ ಮಾತು. ‘ಸಲ್ಲಿಸು’ ಅರ್ಜಿಗೆ ಇರಲಿ. ‘ಕಳಿಸು’ ಅಂತ ಮಾತ್ರ ಬರೆಯಬೇಡಿ. ಮಕ್ಕಳು ಶೇರ್ ಒತ್ತಿ ವಾಟ್ಸಾಪಿಗೆ ಕಳಿಸುತ್ತಾರೆ, ಕ್ಲಾಸ್‌ರೂಮಿನಲ್ಲಿ ಆ ಮಗು ಏನೂ ಕೊಟ್ಟಿಲ್ಲ ಅಂತಲೇ ಉಳಿದುಬಿಡುತ್ತದೆ.

ಅನ್‌ಸಬ್ಮಿಟ್‌ಗೆ ‘ವಾಪಸ್ ತಗೋ’ ಸಾಕು, ಆದರೆ ಪಕ್ಕದಲ್ಲೇ ಒಂದು ಎಚ್ಚರಿಕೆ ಬೇಕು. ವಾಪಸ್ ತಗೊಂಡ ಹಾಳೆಯನ್ನು ಗಡುವು ಮುಗಿದ ಮೇಲೆ ಮತ್ತೆ ಒಪ್ಪಿಸಿದರೆ, ಮೊದಲ ಸಲ ಸಮಯಕ್ಕೆ ಸರಿಯಾಗಿ ಒಪ್ಪಿಸಿದ್ದರೂ ‘ತಡ’ ಎಂದೇ ದಾಖಲಾಗುತ್ತದೆ. ಒಂದು ಕಾಗುಣಿತದ ತಪ್ಪಿಗಾಗಿ ಹಾಗೆ ಮಾಡುವ ಮಕ್ಕಳೇ ಜಾಸ್ತಿ. ಮೇಷ್ಟ್ರು ನೋಡಿ ಹಿಂದಿರುಗಿಸುವ ರಿಟರ್ನ್‌ಗೆ ‘ತಿದ್ದಿ ಕೊಡು’ ಅನ್ನಿ.

‘ಸಂಪಾದಿಸು’ ಅಂದರೆ ನಮ್ಮ ಕಡೆ ದುಡ್ಡು ಸಂಪಾದಿಸುವುದು. ಅದರ ಬದಲು ‘ತಿದ್ದು’ ಹಾಕೋಣವೆಂದರೆ ಅದಕ್ಕೆ ಆಗಲೇ ಎರಡು ಕೆಲಸವಿದೆ: ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತದೆ, ಮೇಷ್ಟ್ರು ತಪ್ಪು ತಿದ್ದುತ್ತಾರೆ. ಎಡಿಟ್‌ಗೆ ‘ಬದಲಿಸು’ ಇಟ್ಟರೆ ಗೊಂದಲವಿಲ್ಲ.

‘ಉಳಿಸು’ ಸಾಲನ್ನು ಚಾರ್ಟಿನಿಂದಲೇ ತೆಗೆಯಬಹುದು. ಬಿಸಿಯೂಟದಲ್ಲಿ ದಿನಾ ‘ಅನ್ನ ಉಳಿಸಬೇಡಿ’ ಅನ್ನಿಸಿಕೊಳ್ಳುವ ಮಕ್ಕಳಿಗೆ ಮತ್ತೆ ‘ಉಳಿಸಿ’ ಎಂದರೆ ನಗುತ್ತಾರೆ! ಅದಿರಲಿ, ನೆಟ್ ಇದ್ದರೆ ಗೂಗಲ್ ಡಾಕ್ಸ್ ತಾನೇ ಸೇವ್ ಮಾಡಿಕೊಳ್ಳುತ್ತದೆ, ಒತ್ತುವ ಕೆಲಸವೇ ಇಲ್ಲ. ಆ ಜಾಗದಲ್ಲಿ ‘ನೆಟ್ ಹೋದರೆ ಒಪ್ಪಿಸಬೇಡ, ಬಂದ ಮೇಲೆ ಒಪ್ಪಿಸು’ ಎಂದು ಬರೆಯಿರಿ.

ಚಾರ್ಟಿಗೆ ಬಾರದ, ನೀವು ಮಾತ್ರ ನೋಡುವ ಆಯ್ಕೆಯೊಂದಿದೆ. ಹಾಳೆ ಲಗತ್ತಿಸಿ ಕೆಲಸ ಕೊಡುವ ಮುನ್ನವೇ ‘ಪ್ರತಿ ವಿದ್ಯಾರ್ಥಿಗೂ ಒಂದು ಪ್ರತಿ’ ಎಂಬುದನ್ನು ಆರಿಸಿ. ಎಲ್ಲರೂ ಬದಲಿಸಬಹುದು ಎಂಬುದನ್ನು ಆರಿಸಿದಿರೋ, ಇಡೀ ತರಗತಿ ಒಂದೇ ಹಾಳೆಯ ಮೇಲೆ ಬೀಳುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾರೆ.

ಒಂದೇ ಟ್ಯಾಬ್ ನಾಲ್ಕೈದು ಮಕ್ಕಳ ಕೈ ದಾಟುವುದಾದರೆ ಲಾಗ್‌ಔಟ್‌ಗೆ ‘ಹೊರಗೆ ಬಾ’ ಅನ್ನುವುದು ಚಾರ್ಟಿನ ಕೊನೆಯಲ್ಲಿ ದಪ್ಪಕ್ಷರದಲ್ಲಿ ಇರಲಿ. ಹೊರಗೆ ಬಾರದ ಮಗುವಿನ ಹೆಸರಿಗೆ ಮುಂದಿನ ಮಗುವಿನ ಉತ್ತರ ಸೇರುತ್ತದೆ. ಕೈಬರಹ, ಚಿತ್ರಗಳಿಗೆ ಫೋಟೊ ಬೇಡ. ಒಂದು ಫೋಟೊ 4 ಎಂಬಿ ಆದರೆ 35 ಮಕ್ಕಳದು 140 ಎಂಬಿ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಆ ಪೀರಿಯಡ್ಡೇ ಮುಗಿದುಹೋಗುತ್ತದೆ. ಡ್ರೈವ್ ಆ್ಯಪಿನ ಸ್ಕ್ಯಾನ್‌ನಿಂದ ಪಿಡಿಎಫ್ ಮಾಡಿಸಿದರೆ ಸಾಮಾನ್ಯವಾಗಿ ಗಾತ್ರ ತಗ್ಗುತ್ತದೆ.

ತಲೆಬರಹಕ್ಕೆ ‘ಹಾಳೆಯಿಲ್ಲದ ತರಗತಿ’. ಹಳೇ ಮೈಸೂರಿನ ಹಿರಿಯರಿಗೆ ‘ಕಾಗದ’ ಅಂದರೆ ಅಂಚೆಯಲ್ಲಿ ಬರುವ ಪತ್ರ.

*

ಇನ್ನೊಂದು ಉತ್ತರ:

ಮೇಲಿನದಕ್ಕೆಲ್ಲ ನನ್ನ ಒಪ್ಪಿಗೆಯಿದೆ, ‘ಕಡತ’ದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹಿಂದಿನ ಕಡತ ಕಾಗದದ್ದೇ ಅಲ್ಲ. ಬಟ್ಟೆಗೆ ಹುಣಸೆಬೀಜದ ಸರಿ (ಅಂಟು) ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಹಾಗೆ ನೋಡಿದರೆ ಟ್ಯಾಬಿಗೆ ಇದಕ್ಕಿಂತ ಒಪ್ಪುವ ಪದವಿಲ್ಲ. ಆದರೆ ಇವತ್ತು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕಡತ ಎಂದರೆ ಹತ್ತಾರು ಪತ್ರಗಳ ಕಟ್ಟು, ಅಂದರೆ ಕಂಪ್ಯೂಟರಿನ ಫೋಲ್ಡರ್. ಶಿಕ್ಷಕರೇ ಎಡವುತ್ತಾರೆ. ಫೈಲ್, ಫೋಲ್ಡರ್ ಹಾಗೇ ಇರಲಿ.

ಫೋಲ್ಡರುಗಳ ಹೆಸರಿಗೆ ‘ಮೈಲಿಗಲ್ಲು 1’, ‘ಮೈಲಿಗಲ್ಲು 2’ ಎಂದಿಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಆಟ-ಚಟುವಟಿಕೆಯಿಂದ ಕಲಿಸುವ ನಲಿಕಲಿಯ ಪದ ಅದು, 3ನೇ ತರಗತಿ ದಾಟಿದ ಮಗುವಿಗೆ ಬಾಯಿಪಾಠ.

ಕೊನೆಗೆ, ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪ್ರಶ್ನೆಹಾಳೆಗಳನ್ನು ನೇರವಾಗಿ ಏರಿಸಬೇಡಿ. ಆ ಫಾಂಟ್ ಇಲ್ಲದ ಟ್ಯಾಬಿನಲ್ಲಿ ಕನ್ನಡದ ಜಾಗಕ್ಕೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಎಲ್ಲ ಸಾಧನಗಳಲ್ಲೂ ಕಾಣುವ ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು (‘ರ್’ ಬದಲಿನ ಚಿಹ್ನೆ) ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಾರೆ ಓದಿ, ಆಮೇಲೆ ಏರಿಸಿ.